ತುಕ್ಕು ಮೊದಲು, ಬಣ್ಣ ಕೊನೆಗೆ: ಫಿಯಟ್ 124 ಸ್ಪೈಡರ್‌ನ ಮಿತವೆಚ್ಚದ ಜೀರ್ಣೋದ್ಧಾರ

ಪಾಳುಬಿದ್ದ ಹಳೆಯ ಕಾರನ್ನು ಮತ್ತೆ ರಸ್ತೆಗೆ ತರುವ ಕೆಲಸಕ್ಕೆ 'ರಿಪೇರಿ' ಎಂಬ ಪದ ಸಾಲದು. ರಿಪೇರಿಯೆಂಬುದು ಕೆಟ್ಟುಹೋದ ಒಂದು ಭಾಗವನ್ನು ಸರಿಪಡಿಸುವುದಾದರೆ, ಹತ್ತಿಪ್ಪತ್ತು ವರ್ಷ ಶೆಡ್ಡಿನಲ್ಲಿ ಅಲುಗದೆ ನಿಂತ ವಾಹನದಲ್ಲಿ ಕೆಡದೆ ಉಳಿದಿರುವುದು ಯಾವುದೆಂದು ಹುಡುಕುವುದೇ ಮೊದಲ ಕೆಲಸವಾಗುತ್ತದೆ. ಆದ್ದರಿಂದ ದೇವಾಲಯಗಳ ವಿಷಯದಲ್ಲಿ ರೂಢಿಯಲ್ಲಿರುವ 'ಜೀರ್ಣೋದ್ಧಾರ' ಎಂಬ ಮಾತೇ ಇದಕ್ಕೆ ಹೆಚ್ಚು ಒಪ್ಪುತ್ತದೆ. ಅಲ್ಲಿಯಂತೆ ಇಲ್ಲಿಯೂ ತಳಪಾಯವನ್ನು ಪರೀಕ್ಷಿಸದೆ ಗೋಪುರಕ್ಕೆ ಬಣ್ಣ ಬಳಿಸಿದವರ ಹಣ ಎರಡನೆಯ ಮಳೆಗಾಲಕ್ಕೆ ಸೋರಿಹೋಗುತ್ತದೆ. ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಕ್ರಮದ ಮಹತ್ವ ಹೆಚ್ಚುತ್ತದೆ. ಈ ಲೇಖನದ ಬಹುಪಾಲು ಆ ಕ್ರಮವನ್ನೇ ಕುರಿತದ್ದು.

ಇಟಲಿಯ ಕ್ರೀಡಾಕಾರು ಎಂದೊಡನೆ ನೆನಪಾಗುವ ಫೆರಾರಿ, ಲ್ಯಾಂಬೋರ್ಗಿನಿಗಳು ಮಿತವೆಚ್ಚದ ಲೆಕ್ಕಕ್ಕೆ ಬರುವುದಿಲ್ಲ. 1981ರಲ್ಲಿ ಬಂದ ಮಾಸೆರಾಟಿ ಬೈಟರ್ಬೊದಂತಹ ಕಾರುಗಳು ಅಗ್ಗವಾಗಿ ಸಿಕ್ಕರೂ ಎರಡು ಟರ್ಬೊಗಳ ಇಕ್ಕಟ್ಟಾದ ಎಂಜಿನ್ನಿನ ಕೆಲಸ ಹಿಡಿದ ಮೇಲೆ ಕೊಂಡ ಬೆಲೆಗಿಂತ ಹೆಚ್ಚನ್ನು ನುಂಗಬಲ್ಲವು. ಇವುಗಳ ನಡುವೆ ಸಾಮಾನ್ಯ ಆದಾಯದವರ ಅಳವಿಗೆ ಬರುವ ವಾಹನವೆಂದರೆ ಫಿಯಟ್ 124 ಸ್ಪೋರ್ಟ್ ಸ್ಪೈಡರ್. 'ಸ್ಪೈಡರ್' ಎಂಬುದು ಮೇಲ್ಹೊದಿಕೆಯನ್ನು ಹಿಂದಕ್ಕೆ ಮಡಚಬಹುದಾದ ಲಘು ಕ್ರೀಡಾಕಾರಿಗೆ ಇಟಲಿಯಲ್ಲಿ ಬಳಕೆಯಲ್ಲಿರುವ ಹೆಸರು. 1966ರ ನವೆಂಬರಿನಲ್ಲಿ ಟ್ಯೂರಿನ್ ಮೋಟಾರು ಪ್ರದರ್ಶನದಲ್ಲಿ ಹೊರಬಂದ ಈ ಕಾರು 1985ರವರೆಗೆ ತಯಾರಾಯಿತು. ಇದರ ಮೈಕಟ್ಟನ್ನು ಪಿನಿನ್‌ಫರೀನಾ ಸಂಸ್ಥೆಯಲ್ಲಿದ್ದಾಗ ರೂಪಿಸಿದವರು ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಟಾಮ್ ಚಾರ್ಡಾ. ಎಂಜಿನ್ ರೂಪಿಸಿದವರು ಅದಕ್ಕೂ ಮೊದಲು ಫೆರಾರಿಯಲ್ಲಿ ಹೆಸರು ಮಾಡಿದ್ದ ಔರೇಲಿಯೊ ಲ್ಯಾಂಪ್ರೆಡಿ. ಸುಮಾರು ಎರಡು ಲಕ್ಷದಷ್ಟು ತಯಾರಾದ ಈ ಕಾರುಗಳಲ್ಲಿ ಬಹುಪಾಲು ಅಮೆರಿಕದಲ್ಲಿ ಮಾರಾಟವಾದುದರಿಂದ, ಅಲ್ಲಿನ ಮನೆಗಳ ಗ್ಯಾರೇಜು, ಕೊಟ್ಟಿಗೆಗಳಲ್ಲಿ ಧೂಳು ತಿನ್ನುತ್ತ ನಿಂತವು ಇಂದಿಗೂ ಮಾರಾಟಕ್ಕೆ ಬರುತ್ತಿರುತ್ತವೆ. ಆ ದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಇಂತಹ ಹವ್ಯಾಸವಿದ್ದರೆ ಕೈಗೆ ಎಟುಕುವ ಮೊದಲ ಇಟಾಲಿಯನ್ ಕಾರು ಇದೇ ಆಗುವ ಸಂಭವ ಹೆಚ್ಚು.

ಈ ಕಾರಿನ ಆರ್ಥಿಕ ಬಲವಿರುವುದು ಅದರ ಬಳಗದಲ್ಲಿ. ಸ್ಪೈಡರ್‌ನ ತಳಹದಿ ಫಿಯಟ್ 124 ಎಂಬ ಸಂಸಾರಸ್ಥರ ಕಾರಿನದು. 1967ರಲ್ಲಿ ಯುರೋಪಿನ ವರ್ಷದ ಕಾರೆಂಬ ಪ್ರಶಸ್ತಿ ಪಡೆದ ಆ ಕಾರು ಸೋವಿಯತ್ ಒಕ್ಕೂಟದಲ್ಲಿ ಲಾಡಾ ಆಗಿ, ಸ್ಪೇನಿನಲ್ಲಿ ಸಿಯಾಟ್ ಆಗಿ, ತುರ್ಕಿಯಲ್ಲಿ ಮುರಾತ್ ಆಗಿ ಮರುಹುಟ್ಟು ಪಡೆಯಿತು. ಭಾರತದಲ್ಲಿ 1985ರಲ್ಲಿ ಬಂದ ಪ್ರೀಮಿಯರ್ 118ಎನ್‌ಇ ಸಹ, ಎಂಜಿನ್ ನಿಸಾನ್‌ನದಾದರೂ, ಮೈಕಟ್ಟಿನಿಂದ ಅದೇ 124ರ ಸಂತಾನ. ಲ್ಯಾಂಪ್ರೆಡಿಯ ಎಂಜಿನ್ನು ಸಹ ಒಂಟಿಯಲ್ಲ. ಫಿಯಟ್ 131, 132, ಲ್ಯಾನ್ಸಿಯಾ ಬೀಟಾ ಮುಂತಾದವುಗಳಲ್ಲಿ ಅದರ ರೂಪಾಂತರಗಳೇ ಓಡಿದವು, ರ‍್ಯಾಲಿ ಓಟಗಳಲ್ಲಿ ಮೆರೆದ ಲ್ಯಾನ್ಸಿಯಾ ಡೆಲ್ಟಾ ಇಂಟಿಗ್ರೇಲ್‌ನ ಎಂಜಿನ್ನೂ ಅದೇ ವಂಶದ್ದು. ಇಷ್ಟು ದೊಡ್ಡ ಬಳಗವಿರುವುದರಿಂದಲೇ ಗ್ಯಾಸ್ಕೆಟ್, ಬೇರಿಂಗ್, ಬುಶ್, ಬ್ರೇಕಿನ ರಬ್ಬರ್ ಮುಂತಾದ ದಿನಬಳಕೆಯ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ಹೊರನೋಟಕ್ಕೆ ಮಾತ್ರ ಸೇರಿದ ವಸ್ತುಗಳ ಕಥೆ ಬೇರೆ: 1970ರ ದಶಕದ ಮಧ್ಯಭಾಗದ ಮೊದಲು ಬಂದ ಕಾರುಗಳ ತೆಳುವಾದ ಹೊಳೆವ ಬಂಪರ್, ಮೂಲ ಸ್ಟಿಯರಿಂಗ್ ಚಕ್ರ, ಮರದ ಡ್ಯಾಶ್‌ಬೋರ್ಡ್ ಮುಂತಾದವು ದುಬಾರಿಯಾದುದರಿಂದ, ಎಂಜಿನ್ ಹೋಗಿದ್ದರೂ ಇವೆಲ್ಲ ಇರುವ ಕಾರು, ಎಂಜಿನ್ ಓಡುತ್ತಿದ್ದು ಇವು ಕಾಣೆಯಾದ ಕಾರಿಗಿಂತ ಕೊನೆಯಲ್ಲಿ ಅಗ್ಗವಾಗುತ್ತದೆ.

ಕೊಳ್ಳುವ ಮುನ್ನ

ಮಿತವೆಚ್ಚದ ಜೀರ್ಣೋದ್ಧಾರ ಗೆಲ್ಲುವುದೂ ಸೋಲುವುದೂ ಕೊಳ್ಳುವ ದಿನವೇ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ಮೈತಗಡುಗಳನ್ನೇ ಮಡಚಿ, ಪೆಟ್ಟಿಗೆಯಂತೆ ಬೆಸೆದು, ಆ ಟೊಳ್ಳು ಪೆಟ್ಟಿಗೆಗಳೇ ಭಾರ ಹೊರುವಂತೆ ಕಟ್ಟಲಾಗಿದೆ. ಮೇಲ್ಛಾವಣಿ ಇಲ್ಲದ ಕಾರಿನಲ್ಲಿ ಈ ಭಾರದ ದೊಡ್ಡ ಪಾಲು ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಹೊಸ್ತಿಲುಪಟ್ಟಿಗಳ ಮೇಲೆ ಬೀಳುವುದರಿಂದ, ಅವು ಒಳಗಿನಿಂದ ತುಕ್ಕು ತಿಂದಿದ್ದರೆ ಕಾರು ನಡುವೆ ಬಾಗುತ್ತದೆ. ಬಾಗಿಲ ಸಂದು ಮೇಲೊಂದು ಅಗಲ, ಕೆಳಗೊಂದು ಅಗಲವಾಗಿ ಕಂಡರೆ ಅದು ಬಾಗಿರುವ ಸೂಚನೆ. ಆ ಕಾಲದ ಫಿಯಟ್‌ಗಳು ತುಕ್ಕು ಹಿಡಿಯಲು ರಷ್ಯಾದಿಂದ ಬಂದ ಕಳಪೆ ಉಕ್ಕೇ ಕಾರಣವೆಂಬ ಮಾತು ಹವ್ಯಾಸಿಗಳ ನಡುವೆ ಗಾದೆಯಂತೆ ಉಳಿದುಬಂದಿದೆಯಾದರೂ ಅದಕ್ಕೆ ಗಟ್ಟಿಯಾದ ಆಧಾರ ಸಾಲದು. ಟೊಳ್ಳು ಪೆಟ್ಟಿಗೆಗಳ ಒಳಮೈಗೆ ಸರಿಯಾದ ಲೇಪನವಿಲ್ಲದಿದ್ದುದು, ಒಳನುಗ್ಗಿದ ನೀರಿಗೆ ಹೊರದಾರಿ ಸಿಗದಿದ್ದುದು, ಹಿಮ ಕರಗಿಸಲು ಅಮೆರಿಕದ ರಸ್ತೆಗಳಿಗೆ ಸುರಿಯುವ ಉಪ್ಪು, ಈ ಮೂರೇ ಸಾಕಷ್ಟು ಕಾರಣ ಕೊಡುತ್ತವೆ. ಹಿಮ ಬೀಳದ ಒಣ ಪ್ರದೇಶಗಳ ಕಾರಿಗೆ ಸ್ವಲ್ಪ ಹೆಚ್ಚು ಬೆಲೆ ತೆತ್ತು, ಸಾಗಾಣಿಕೆಯ ಖರ್ಚನ್ನೂ ಸೇರಿಸಿಕೊಂಡರೂ ನಷ್ಟವಾಗದು.

ಪರೀಕ್ಷೆಗೆ ಬೇಕಾದದ್ದು ಒಂದು ಟಾರ್ಚು, ತೆಳುಬಟ್ಟೆ ಸುತ್ತಿದ ಅಯಸ್ಕಾಂತ, ಮೊಂಡಾದ ಸ್ಕ್ರೂಡ್ರೈವರ್ ಮತ್ತು ಕೊಳೆಯಾದರೂ ಅಡ್ಡಿಯಿಲ್ಲದ ಅಂಗಿ. ಅಯಸ್ಕಾಂತ ಅಂಟದ ಕಡೆ ತಗಡಿಲ್ಲ, ಪುಟ್ಟಿ ಇದೆ ಎಂದರ್ಥ. ಪುಟ್ಟಿಯೆಂದರೆ ತಗ್ಗು ತುಂಬಲು ಮೆತ್ತುವ ಗಟ್ಟಿಯಾಗುವ ಲೇಪ. ಬಾನೆಟ್ ಎತ್ತಿದೊಡನೆ ಎಂಜಿನ್ನಿನತ್ತ ಕಣ್ಣು ಹಾಯುವುದು ಸಹಜವಾದರೂ ಮೊದಲು ನೋಡಬೇಕಾದದ್ದು ಅದರ ಎರಡೂ ಬದಿಗೆ ಇರುವ ಶಾಕ್ ಅಬ್ಸಾರ್ಬರ್ ಗೋಪುರಗಳನ್ನು. ಮುಂದಿನ ಚಕ್ರಗಳ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ ನೆಲೆನಿಲ್ಲುವ ಈ ತಗಡಿನ ಗೂಡುಗಳಿಗೆ ಚಕ್ರಗಳು ಎರಚುವ ಕೆಸರು ಒಳಗಿನಿಂದ ಮೆತ್ತಿಕೊಂಡು, ವರ್ಷಗಟ್ಟಲೆ ತೇವ ಹಿಡಿದು, ಹೊರಗಿನ ಬಣ್ಣ ಹಾಗೆಯೇ ಇರುವಾಗಲೂ ತಗಡನ್ನು ಹಪ್ಪಳದಂತೆ ಮಾಡಿರುತ್ತದೆ. ಅನಂತರ ಕಾರಿನ ಕೆಳಗೆ ನುಸುಳಿ ಜಾಕ್ ಕೊಡುವ ಸ್ಥಳಗಳು, ಕಾಲಿಡುವ ನೆಲ, ಡಿಕ್ಕಿಯ ತಳ, ಹಿಂದಿನ ಚಕ್ರದ ಕಮಾನು, ಹಾಗೂ ಮುಂದಿನ ಸಸ್ಪೆನ್ಷನ್ ತೋಳುಗಳು ಸೇರುವ ಅಡ್ಡತೊಲೆಯನ್ನು ನೋಡಬೇಕು. ಈ ಅಡ್ಡತೊಲೆಗೆ ತುಕ್ಕಿಗಿಂತ ಬಿರುಕಿನ ಭಯ ಹೆಚ್ಚು. ನೆಲದಲ್ಲಿ ಅಂಗೈಯಗಲದ ತೂತಿದ್ದರೆ ತಗಡು ಕತ್ತರಿಸಿ ಬೆಸೆಯಬಹುದು. ಗೋಪುರ, ಹೊಸ್ತಿಲುಪಟ್ಟಿ ಎರಡೂ ಹೋಗಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಅಂತಹ ಕಾರನ್ನು ಬಿಡಿಭಾಗಗಳಿಗಾಗಿ ಮಾತ್ರ ಕೊಳ್ಳಬಹುದು.

ಇನ್ನೊಂದು ಬಗೆಯ ಅಗ್ಗದ ಕಾರು ಮಾರುಕಟ್ಟೆಗೆ ಬರುತ್ತದೆ: ಹಿಂದಿನ ಮಾಲೀಕರು ಉತ್ಸಾಹದಿಂದ ಪೂರ್ತಿ ಬಿಚ್ಚಿ, ಬಳಿಕ ಹಣವೋ ಹುರುಪೋ ತೀರಿ, ಹತ್ತಾರು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟದ್ದು. ಯಾವ ಬೋಲ್ಟ್ ಎಲ್ಲಿಯದೆಂಬುದು ಬಿಚ್ಚಿದವರಿಗಷ್ಟೇ ಗೊತ್ತಿರುವುದರಿಂದ, ಅದು ಅವರಿಗೂ ಮರೆತಿರುವ ಸಂಭವವೇ ಹೆಚ್ಚಾದುದರಿಂದ, ಹೊಸಬರು ಇಂತಹ ವ್ಯಾಪಾರಕ್ಕೆ ಕೈಹಾಕದಿರುವುದು ಒಳಿತು. ಇದೇ ಎಚ್ಚರ ಕೊಂಡವರಿಗೂ ಸಲ್ಲುತ್ತದೆ. ಇಡೀ ಕಾರನ್ನು ಒಮ್ಮೆಗೇ ಬಿಚ್ಚದೆ, ಒಂದು ವ್ಯವಸ್ಥೆಯನ್ನು ಬಿಚ್ಚಿ, ಸರಿಪಡಿಸಿ, ಜೋಡಿಸಿದ ಮೇಲೆಯೇ ಮುಂದಿನದಕ್ಕೆ ಹೋಗುವ ಪದ್ಧತಿಯಲ್ಲಿ ಕೆಲಸ ಎಲ್ಲಿ ನಿಂತರೂ ಕಾರು ಕಾರಾಗಿಯೇ ಉಳಿಯುತ್ತದೆ. ಕೈಯಲ್ಲಿರುವ ಒಟ್ಟು ಹಣದ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕೊಳ್ಳುವುದಕ್ಕೇ ಸುರಿಯಬಾರದು; ಉಳಿದದ್ದರಲ್ಲಿಯೂ ಒಂದು ಭಾಗವನ್ನು, ಬಿಚ್ಚಿದ ಮೇಲಷ್ಟೇ ಕಾಣಿಸುವ ಕೆಡುಕುಗಳಿಗೆಂದು ಮುಟ್ಟದೆ ಇಡಬೇಕು. ಮಾಲೀಕತ್ವದ ಕಾಗದಪತ್ರ ಇಲ್ಲದ ಕಾರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಎಂಜಿನ್: ಕೀಲಿ ತಿರುಗಿಸುವ ಮೊದಲು

ಹೊಸ ಬ್ಯಾಟರಿ ಹಾಕಿ, ಒಂದಿಷ್ಟು ಪೆಟ್ರೋಲ್ ಸುರಿದು, ಎಂಜಿನ್ ಓಡುತ್ತದೆಯೇ ನೋಡೋಣವೆಂಬ ಕುತೂಹಲ ಈ ಹವ್ಯಾಸದಲ್ಲಿ ಅತ್ಯಂತ ದುಬಾರಿಯಾದ ಕುತೂಹಲ. ಲ್ಯಾಂಪ್ರೆಡಿಯ ಎಂಜಿನ್ನಿನಲ್ಲಿ ಎರಕದ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇದ್ದು, ಕವಾಟಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟ್‌ಗಳು ಆ ಹೆಡ್ಡಿನ ಮೇಲೆಯೇ ಕೂತಿರುತ್ತವೆ. ಅವುಗಳನ್ನು ತಿರುಗಿಸುವುದು ಆ ಕಾಲದ ಇತರ ಇಟಾಲಿಯನ್ ಕ್ರೀಡಾಕಾರುಗಳಲ್ಲಿ ಕಾಣುವ ಲೋಹದ ಸರಪಳಿಯಲ್ಲ, ಹಲ್ಲುಗಳುಳ್ಳ ರಬ್ಬರ್ ಪಟ್ಟಿ. ಇದನ್ನೇ ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಮಡಚಿಕೊಂಡು ನಿಂತ ಈ ಪಟ್ಟಿ ಕಣ್ಣಿಗೆ ಚೆನ್ನಾಗಿಯೇ ಕಂಡರೂ ಒಳಗೆ ಗಡುಸಾಗಿ ಸೀಳಿರುತ್ತದೆ. ಎಂಜಿನ್ ತಿರುಗಿದ ಕೂಡಲೇ ಅದು ಹರಿದರೆ ಅಥವಾ ಹಲ್ಲು ತಪ್ಪಿದರೆ ತೆರೆದ ಕವಾಟಕ್ಕೆ ಪಿಸ್ಟನ್ ಬಡಿದು, ಕೆಲವೇ ಡಾಲರುಗಳ ಪಟ್ಟಿಯನ್ನು ಉಳಿಸಹೋಗಿ ಇಡೀ ಹೆಡ್ಡನ್ನು ಬಿಚ್ಚಿಸುವ ಖರ್ಚು ತಲೆಗೆ ಬರಬಹುದು. ಆದುದರಿಂದ ಮೀಟರಿನಲ್ಲಿ ಕಿಲೋಮೀಟರು ಎಷ್ಟೇ ಇರಲಿ, ಬೆಲ್ಟನ್ನೂ ಅದನ್ನು ಬಿಗಿಹಿಡಿಯುವ ಟೆನ್ಷನರ್ ಬೇರಿಂಗನ್ನೂ ಒಟ್ಟಿಗೆ ಬದಲಾಯಿಸದೆ ಕೀಲಿ ತಿರುಗಿಸಬಾರದು.

ಬೆಲ್ಟಿಗೂ ಮೊದಲು ಎಂಜಿನ್ ತಿರುಗುತ್ತದೆಯೇ ಎಂದು ಅರಿಯಬೇಕು. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಹನಿಸಿ, ಕೆಲವು ದಿನ ಬಿಟ್ಟು, ಕ್ರ್ಯಾಂಕ್‌ಶಾಫ್ಟಿನ ಮುಂತುದಿಯ ದೊಡ್ಡ ನಟ್ಟಿಗೆ ಉದ್ದ ಹಿಡಿಕೆಯ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲಿಯೇ ನಿಧಾನವಾಗಿ ತಿರುಗಿಸಬೇಕು. ತಿರುಗದಿದ್ದರೆ ಬಲ ಹೆಚ್ಚಿಸುವ ಬದಲು ಕಾಯುವ ದಿನಗಳನ್ನು ಹೆಚ್ಚಿಸಬೇಕು. ಬೆಲ್ಟ್ ಹಾಕುವಾಗ ಎರಡು ಕ್ಯಾಮ್ ಚಕ್ರಗಳ ಗುರುತುಗಳನ್ನೂ ಕ್ರ್ಯಾಂಕಿನ ಗುರುತನ್ನೂ ಹೊಂದಿಸುವುದರ ಜೊತೆಗೆ, ಆಯಿಲ್ ಪಂಪನ್ನು ನಡೆಸುವ ಸಹಾಯಕ ಶಾಫ್ಟಿನ ಚಕ್ರವನ್ನೂ ಕೈಪಿಡಿಯಲ್ಲಿ ಹೇಳಿದಂತೆಯೇ ಇಡಬೇಕು. ಇದು ಮುಖ್ಯವಲ್ಲವೆಂದು ಬಿಡುವವರುಂಟು. ಆದರೆ ಪೆಟ್ರೋಲ್ ಪಂಪನ್ನು ತಳ್ಳಲು ಆ ಶಾಫ್ಟಿನ ಮೇಲೆ ಉಬ್ಬು ಇರುವ ಎಂಜಿನ್ನುಗಳಲ್ಲಿ ಅದು ಸ್ಥಾನ ತಪ್ಪಿದರೆ ಕನೆಕ್ಟಿಂಗ್ ರಾಡಿಗೆ ತಾಗುವ ಅಪಾಯವಿದೆ. ಎಲ್ಲ ಜೋಡಿಸಿದ ಮೇಲೆ ಕೈಯಿಂದಲೇ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಹೊಂದಿದವೆಂದು ಖಚಿತವಾದ ಬಳಿಕ, ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಬಲ್ಲದೆಂದು ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಬೇಕು. ಇಲ್ಲಿ ಅಂಕಿಯ ಗಾತ್ರಕ್ಕಿಂತ ನಾಲ್ಕರ ನಡುವಣ ಸಮಾನತೆ ಮುಖ್ಯ. ಒಂದು ಮಾತ್ರ ತೀರ ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಅಂಕಿ ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ಕವಾಟದ್ದು ಅಥವಾ ಹೆಡ್ ಗ್ಯಾಸ್ಕೆಟ್ಟಿನದು.

ಕವಾಟದ ಸಂದನ್ನು ಸರಿಪಡಿಸಲು ಲ್ಯಾಂಪ್ರೆಡಿ ಮಾಡಿದ ವ್ಯವಸ್ಥೆ ಬಡ ಹವ್ಯಾಸಿಯ ಪಾಲಿಗೆ ವರವೇ ಸರಿ. ಕ್ಯಾಮಿಗೂ ಕವಾಟಕ್ಕೂ ನಡುವಿನ ಬಕೆಟ್‌ನ ತಲೆಯ ಮೇಲೆ 'ಶಿಮ್' ಎಂಬ ಉಕ್ಕಿನ ಬಿಲ್ಲೆ ಕೂತಿರುತ್ತದೆ. ಬೇರೆ ದಪ್ಪದ ಬಿಲ್ಲೆಯನ್ನು ಕೂರಿಸಿದರೆ ಸಂದು ಬದಲಾಗುತ್ತದೆ. ಇದೇ ಬಗೆಯ ಅನೇಕ ಎಂಜಿನ್ನುಗಳಲ್ಲಿ ಈ ಕೆಲಸಕ್ಕೆ ಕ್ಯಾಮ್‌ಶಾಫ್ಟನ್ನೇ ಬಿಚ್ಚಬೇಕಾದರೆ, ಇಲ್ಲಿ ಬಕೆಟನ್ನು ಒತ್ತಿಹಿಡಿಯುವ ಸರಳ ಸಲಕರಣೆಯೊಂದಿದ್ದರೆ ಕ್ಯಾಮನ್ನು ಮುಟ್ಟದೆಯೇ ಮುಗಿಯುತ್ತದೆ.

ಪೆಟ್ರೋಲ್ ವ್ಯವಸ್ಥೆಯಲ್ಲಿ ಉಳಿತಾಯದ ಮಾತೇ ಸಲ್ಲದು. ಹಳೆಯ ಪೆಟ್ರೋಲ್ ಒಣಗಿ ವಾರ್ನಿಷಿನಂತೆ ಅಂಟಾಗಿರುತ್ತದೆ, ಟ್ಯಾಂಕಿನೊಳಗೆ ತುಕ್ಕಿನ ಪುಡಿ ಕೂತಿರುತ್ತದೆ, ಮತ್ತು ಆ ಕಾಲದ ರಬ್ಬರ್ ಕೊಳವೆಗಳಿಗೆ ಇಂದಿನ ಪೆಟ್ರೋಲಿನಲ್ಲಿ ಬೆರೆಸಿರುವ ಎಥನಾಲ್ ಒಗ್ಗುವುದಿಲ್ಲ. ಟ್ಯಾಂಕನ್ನು ಕಳಚಿ ತೊಳೆಸಿ, ಕೊಳವೆಗಳನ್ನೆಲ್ಲ ಎಥನಾಲ್ ತಾಳುವಂಥವುಗಳಿಂದ ಬದಲಾಯಿಸಿ, ವೆಬರ್ ಕಾರ್ಬ್ಯುರೇಟರನ್ನು ಬಿಚ್ಚಿ ಶುಚಿಗೊಳಿಸಬೇಕು. ಗ್ಯಾಸ್ಕೆಟ್ಟುಗಳ ಕಿಟ್ ತರಿಸಿದರೆ ಇದು ಮನೆಯ ಮೇಜಿನ ಮೇಲೆಯೇ ಆಗುವ ಕೆಲಸ. 1980ರಿಂದ ಬಂದ ಎರಡು ಲೀಟರಿನ ಬಹುಪಾಲು ಕಾರುಗಳಲ್ಲಿ ಕಾರ್ಬ್ಯುರೇಟರ್ ಬದಲು ಬಾಷ್ ಕಂಪನಿಯ ಇಂಜೆಕ್ಷನ್ ಇದ್ದು, ಅಲ್ಲಿ ಪೆಟ್ರೋಲ್ ಹೆಚ್ಚಿನ ಒತ್ತಡದಲ್ಲಿ ಹರಿಯುವುದರಿಂದ ಬಿರಿದ ಕೊಳವೆಯೆಂದರೆ ನೇರವಾಗಿ ಬೆಂಕಿಯೇ.

ಅಲ್ಯೂಮಿನಿಯಂ ಹೆಡ್ ಅತಿಯಾಗಿ ಕಾದರೆ ಸೊಟ್ಟಗಾಗುವುದರಿಂದ ತಂಪು ವ್ಯವಸ್ಥೆಯೂ ಓಡಿಸುವ ಮುನ್ನವೇ ಮುಗಿಯಬೇಕಾದ ಕೆಲಸ. ರೇಡಿಯೇಟರನ್ನು ಶುಚಿ ಮಾಡಿಸಿ, ಹೋಸ್‌ಪೈಪು, ಥರ್ಮೋಸ್ಟಾಟ್‌ಗಳನ್ನು ಬದಲಾಯಿಸಿ, ರೇಡಿಯೇಟರಿನಲ್ಲಿರುವ ಉಷ್ಣಸ್ವಿಚ್ಚು ಫ್ಯಾನನ್ನು ಸಮಯಕ್ಕೆ ತಿರುಗಿಸುತ್ತದೆಯೇ ನೋಡಬೇಕು. ಕೂಲೆಂಟ್ ತುಂಬುವಾಗ ಕಾರಿನ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ಹೀಟರಿನ ಕವಾಟ ತೆರೆದಿಟ್ಟರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಇದನ್ನು ಮಾಡದೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಎಂಜಿನ್ ಬಿಚ್ಚಿದವರು ಕಡಿಮೆಯಿಲ್ಲ.

ನಿಲ್ಲುವುದು, ಹರಿಯುವುದು, ಬೆಳಗುವುದು

ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದ್ದುದು 1966ರ ಮಟ್ಟಿಗೆ ಈ ಕಾರಿನ ಹೆಮ್ಮೆಯಾಗಿತ್ತು, ನಿಂತುಹೋದ ಕಾರಿನಲ್ಲಿ ಅದೇ ತಲೆನೋವು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದಾದುದರಿಂದ ಕ್ಯಾಲಿಪರಿನ ಒಳಗೋಡೆ ತುಕ್ಕು ಹಿಡಿದು ಪಿಸ್ಟನ್ ಅಂಟಿಕೊಂಡಿರುತ್ತದೆ. ರಬ್ಬರ್ ಹೋಸುಗಳು ಒಳಗೆ ಉಬ್ಬಿ ಮುಚ್ಚಿಕೊಂಡಿದ್ದರೆ, ಒತ್ತಿದಾಗ ಹಿಡಿದ ಬ್ರೇಕು ಕಾಲೆತ್ತಿದರೂ ಬಿಡುವುದಿಲ್ಲ. ಸೀಲು, ಹೋಸು, ಪ್ಯಾಡುಗಳೆಲ್ಲವನ್ನೂ ಹೊಸದಾಗಿ ಹಾಕುವುದು ಈ ಕಾರಿನಲ್ಲಿ ದುಬಾರಿಯೇನಲ್ಲ, ಹಾಗಾಗಿ ಹಳೆಯದನ್ನು ಉಳಿಸಿಕೊಳ್ಳಲು ನೆಪವೂ ಇಲ್ಲ. ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿದ್ದರೆ ಗೇರ್ ಬೀಳದು. ಪೆಡಲನ್ನು ಒತ್ತಿ ಮರದ ತುಂಡಿನಿಂದ ಕೆಲವು ದಿನ ಹಾಗೆಯೇ ಹಿಡಿದಿಟ್ಟರೆ ಎಷ್ಟೋ ಸಲ ತಾನಾಗಿ ಬಿಡುತ್ತದೆ.

ಗೇರ್‌ಬಾಕ್ಸಿನಿಂದ ಹೊರಟ ಶಾಫ್ಟಿಗೆ ದಪ್ಪ ರಬ್ಬರಿನ ಬಳೆಯಂತಹ ಜೋಡಣೆಯೊಂದಿದ್ದು, ಅದಕ್ಕೆ 'ಜ್ಯೂಬೊ' ಎಂದು ಹೆಸರು. ಕೀಲು ಎಂಬರ್ಥದ 'ಜ್ಯುಂತೊ' ಎಂಬ ಇಟಾಲಿಯನ್ ಪದಕ್ಕೆ ಬೊಸ್ಕಿ ಎಂಬ ಎಂಜಿನಿಯರನ ಹೆಸರಿನ ಮೊದಲಕ್ಷರ ಸೇರಿ ಆದ ಮಾತಿದು. ರಬ್ಬರ್ ಬಿರಿದಿದ್ದರೆ ಓಡುವಾಗ ಅದುರುತ್ತದೆ, ಹರಿದರೆ ಶಾಫ್ಟ್ ಕೆಳಗಿನ ಸುರಂಗದಲ್ಲಿ ಬಡಿದಾಡುತ್ತದೆ. ಹೊಸ ಜ್ಯೂಬೊ ಬರುವಾಗ ಅದನ್ನು ಬಿಗಿದ ಉಕ್ಕಿನ ಪಟ್ಟಿಯೊಂದು ಸುತ್ತಲೂ ಇರುತ್ತದೆ. ಅದನ್ನು ಪ್ಯಾಕಿಂಗೆಂದು ಮೊದಲೇ ಕತ್ತರಿಸಿದರೆ ರಬ್ಬರ್ ಹಿಗ್ಗಿ ಬೋಲ್ಟಿನ ರಂಧ್ರಗಳು ಕೂಡುವುದಿಲ್ಲ; ಬೋಲ್ಟುಗಳೆಲ್ಲ ಬಿಗಿಯಾದ ಮೇಲಷ್ಟೇ ಅದನ್ನು ತೆಗೆಯಬೇಕು.

ಇಟಾಲಿಯನ್ ವೈರಿಂಗ್ ಬಗ್ಗೆ ಇರುವ ಅಪಖ್ಯಾತಿಯ ಬಹುಭಾಗ ಅರ್ಥಿಂಗ್‌ನದು. ವಿದ್ಯುತ್ತು ಬ್ಯಾಟರಿಗೆ ಮರಳುವುದು ಕಾರಿನ ಮೈತಗಡಿನ ಮೂಲಕವಾದುದರಿಂದ, ತಂತಿ ತಗಡಿಗೆ ಸೇರುವ ಸ್ಥಳದಲ್ಲಿ ತುಕ್ಕಿದ್ದರೆ ಒಂದು ದೀಪ ಹಾಕಿದಾಗ ಇನ್ನೊಂದು ಮಂಕಾಗುವಂತಹ ವಿಚಿತ್ರಗಳು ಕಾಣುತ್ತವೆ. ವೈರಿಂಗ್ ಪೂರ್ತಿ ಬದಲಿಸುವ ಮುನ್ನ ಈ ಕೂಡುಸ್ಥಳಗಳನ್ನೂ ಫ್ಯೂಸುಗಳ ಕಾಲುಗಳನ್ನೂ ಉಪ್ಪುಕಾಗದದಿಂದ ಹೊಳೆಯುವಂತೆ ತಿಕ್ಕಿದರೆ ತೊಂದರೆಗಳಲ್ಲಿ ಬಹಳಷ್ಟು ಬಿಡಿಗಾಸಿಲ್ಲದೆ ಮಾಯವಾಗುತ್ತವೆ.

ಹಣ ಉಳಿಯುವುದು ಕೂಲಿಯಲ್ಲಿಯೇ ಹೊರತು ಬಿಡಿಭಾಗದ ಗುಣಮಟ್ಟದಲ್ಲಲ್ಲ. ಬಿಚ್ಚುವುದು, ತೊಳೆಯುವುದು, ಜೋಡಿಸುವುದನ್ನು ಸ್ವತಃ ಮಾಡಿ, ಹೆಡ್ ಫೇಸಿಂಗ್, ಸಿಲಿಂಡರ್ ಬೋರ್ ಮಾಡಿಸುವಂತಹ ಲೇಥ್ ಕೆಲಸಗಳನ್ನೂ ಭಾರ ಹೊರುವ ತಗಡುಗಳ ವೆಲ್ಡಿಂಗನ್ನೂ ಮಾತ್ರ ಬಲ್ಲವರಿಗೆ ಒಪ್ಪಿಸುವುದು ಜಾಣತನ. ಬಣ್ಣವು ಇವೆಲ್ಲ ಮುಗಿದು, ಕಾರು ಒಂದು ಇಡೀ ಋತು ಓಡಿ, ಮರೆತ ಕೆಲಸಗಳೆಲ್ಲ ಹೊರಬಿದ್ದ ಮೇಲಿನ ಮಾತು. ಹೊಸ ಬಣ್ಣದ ಮೇಲೆ ಸ್ಪ್ಯಾನರ್ ಜಾರಿದ ಗೀರು ಕೊಡುವ ಸಂಕಟವನ್ನು ಅನುಭವಿಸಲೇಬೇಕೆಂಬ ನಿಯಮವಿಲ್ಲ. ಆದರೆ ಮೇಲ್ಹೊದಿಕೆ ಅಲಂಕಾರದ ಪಟ್ಟಿಗೆ ಸೇರದು. ಅದು ಸೋರಿದರೆ ಹೊಸದಾಗಿ ಬೆಸೆದ ನೆಲದ ಮೇಲೆಯೇ ನೀರು ನಿಲ್ಲುವುದರಿಂದ, ಹೊದಿಕೆಯನ್ನೂ ಬಾಗಿಲಿನ ರಬ್ಬರುಗಳನ್ನೂ ಬಣ್ಣಕ್ಕಿಂತ ಮೊದಲೇ ಬದಲಾಯಿಸಬೇಕು.

ಹೀಗೆ ಎದ್ದ ಕಾರನ್ನು ಊರಿಗೆ ತರುವ ಆಸೆ ಹೊರದೇಶದ ಕನ್ನಡಿಗರಲ್ಲಿ ಹುಟ್ಟಿದರೆ, ಆಮದಿನ ನಿಯಮ ಮತ್ತು ಸುಂಕಗಳನ್ನು ಕೊಳ್ಳುವ ಮುನ್ನವೇ ವಿಚಾರಿಸಬೇಕು. ಭಾರತದಲ್ಲಿ 2021ರಲ್ಲಿ ಜಾರಿಗೆ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಗಳು ವಿಂಟೇಜ್ ವರ್ಗದಲ್ಲಿ 'ವಿಎ' ಅಕ್ಷರಗಳಿರುವ ನೋಂದಣಿ ಫಲಕ ಪಡೆಯಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಆದರೆ ದಿನನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ. ಬೇರೆ ಕಂಪನಿಯ ಎಂಜಿನ್ ಕೂರಿಸಿ ಅಗ್ಗದಲ್ಲಿ ಮುಗಿಸುವ ಉಪಾಯ ಇಲ್ಲಿ ಅಡ್ಡಬರಬಹುದು.

ಮೊದಲ ಓಟಗಳು ಮನೆಗೆ ನಡೆದು ಹಿಂದಿರುಗುವಷ್ಟು ದೂರದೊಳಗೆ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಲ್ಲಿ ಇಟ್ಟುಕೊಂಡು ಆಗಬೇಕು. ಪ್ರತಿ ಓಟದ ಮರುದಿನ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ಮಟ್ಟವನ್ನೂ ಕಾರಿನ ಕೆಳಗೆ ಹಾಸಿದ ರಟ್ಟಿನ ಮೇಲಿನ ಕಲೆಗಳನ್ನೂ ನೋಡಬೇಕು. ಕಲೆ ಕಪ್ಪಾಗಿದ್ದರೆ ಎಂಜಿನ್ ಆಯಿಲ್, ಹಸಿರಾಗಿದ್ದರೆ ಕೂಲೆಂಟ್, ಚಕ್ರದ ಒಳಬದಿಯಲ್ಲಿ ಬಣ್ಣವಿಲ್ಲದ ಜಿಡ್ಡಿದ್ದರೆ ಬ್ರೇಕ್ ಆಯಿಲ್. ಮೊದಲ 500 ಕಿಲೋಮೀಟರಾದ ಮೇಲೆ ಚಕ್ರದ ಬೋಲ್ಟುಗಳನ್ನೂ ಜ್ಯೂಬೊದ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು, ಟೈಮಿಂಗ್ ಬೆಲ್ಟಿನ ಬಿಗಿಯನ್ನು ಪರೀಕ್ಷಿಸಿ, ಎಂಜಿನ್ ಆಯಿಲನ್ನು ಬದಲಾಯಿಸಬೇಕು.